ಎರೆಹೊಲದಿಂದ ಲೈವ್

ಆ ವಿಡಿಯೊ ನನಗೆ ಮೊದಲು ಕಳಿಸಿದವರು ಇಂಡಿ ಪಟ್ಟಣದಲ್ಲಿರುವ ನನ್ನ ಸೋದರತ್ತೆ. ಮನೆಮಂದಿಯ ಗ್ರೂಪಿನಲ್ಲಿ ಮುಂಜಾನೆಯ ದೇವರ ಚಿತ್ರಗಳ ನಡುವೆ ಅದನ್ನು ಹಾಕಿ, ಕೆಳಗೆ ನಗುವ ಮುಖಗಳನ್ನು ಸಾಲಾಗಿ ಜೋಡಿಸಿ, "ಈ ಹೆಣ್ಮಗಳ ಬಾಯಿ ನೋಡ್ರಿ!" ಎಂದು ಬರೆದಿದ್ದರು. ಆ ಹೆಣ್ಣುಮಗಳು ಬೈಯುತ್ತಿದ್ದದ್ದು ನನಗೆ ಸಂಬಳ ಕೊಡುವ ಕಾರ್ಖಾನೆಯನ್ನು ಎಂಬುದು ಅತ್ತೆಗೆ ಗೊತ್ತಿರಲಿಲ್ಲ.

ಫೋನು ಹಿಡಿದುಕೊಂಡು ಹೊಲದ ಬದುವಿನ ಮೇಲೆ ನಡೆಯುತ್ತಲೇ ಆಕೆ ಮಾತಾಡುತ್ತಿದ್ದರು. ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ. ಕಪ್ಪು ಎರೆಯಲ್ಲಿ ಜೋಳ ಮೊಳೆತು ಬೆರಳುದ್ದ ಎದ್ದಿತ್ತು.

"ನೋಡ್ರಿ ಇಲ್ಲಿ. ಐದ ಸಾಲ ಹಸರ, ಎರಡ ಸಾಲ ಬೋಳ. ಮತ್ತ ಐದ ಹಸರ, ಮತ್ತ ಎರಡ ಬೋಳ. ಮುದ್ದೇಬಿಹಾಳದಿಂದ ಹೊಸಾ ಕೂರಿಗಿ ತಂದೇವ್ರಿ. ಫೋನ್‌ದಾಗ ನೋಡಿದ್ರ ಹಾಡ ಹಚ್ಚಿ ಕುಣಿಸಿ ತೋರಿಸ್ತಾರ. ಇದನ್ನ ಮಾಡಿದವ್ರ ಮನ್ಯಾಗ ಜ್ವಾಳದ ರೊಟ್ಟಿ ತಿಂತಾರೋ, ಬರೇ ರೀಲ್ಸ್ ತಿಂತಾರೋ?"

ಹಾಡು ಹಚ್ಚಿ ಕುಣಿಸಿ ತೋರಿಸಿದವಳು ನಾನೇ.

ಮುದ್ದೇಬಿಹಾಳದ ಹೊರಗೆ, ರಸ್ತೆ ಪಕ್ಕದಲ್ಲಿ ನಮ್ಮ ಕಾರ್ಖಾನೆ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ, ಬೀಜ ಬಿತ್ತುವ ಕೂರಿಗೆ, ಕಳೆ ಹರಗುವ ಕುಂಟೆ, ನೆಲ ಉಳುವ ರಂಟೆ ಎಲ್ಲ ಅಲ್ಲಿ ತಯಾರಾಗುತ್ತವೆ. ಮಾಲೀಕರು ವೆಲ್ಡಿಂಗ್ ಮಾಡುತ್ತ ಮಾಡುತ್ತಲೇ ಮಾಲೀಕರಾದವರು. ಈಗಲೂ ಮಧ್ಯಾಹ್ನದ ತನಕ ಅವರ ಕೈಯಿಂದ ಮಸಿ ಹೋಗುವುದಿಲ್ಲ. ನನ್ನ ಕೆಲಸ ಪೇಜು ನಡೆಸುವುದು. ಯಂತ್ರಗಳ ವಿಡಿಯೊ ತೆಗೆಯುತ್ತೇನೆ, ಬಂದ ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆ, ಮಳೆ ಎಲ್ಲಿ ಆಗಿದೆಯೋ ಆ ತಾಲ್ಲೂಕಿನ ಮಂದಿಗೆ ಜಾಹೀರಾತು ಕಾಣುವಂತೆ ಹೊಂದಿಸುತ್ತೇನೆ. ಮೊದಲು ಗಿರಾಕಿ ಖುದ್ದಾಗಿ ಬಂದು, ಕಬ್ಬಿಣ ಬಡಿದು ನೋಡಿ, ಚೌಕಾಸಿ ಮಾಡಿ ಒಯ್ಯುತ್ತಿದ್ದ. ಈಗೀಗ ಬಹಳ ಮಂದಿ ಫೋನಿನಲ್ಲೇ ನೋಡಿ, ಫೋನಿನಲ್ಲೇ ಬುಕ್ ಮಾಡಿ, ಒಯ್ಯಲಿಕ್ಕೆ ಮಾತ್ರ ಬರುತ್ತಾರೆ.

ಆ ವರ್ಷ ನಾವು ಏಳು ತಾಳಿನ ಹೊಸ ಕೂರಿಗೆ ಮಾಡಿದ್ದೆವು. ಮೇಲೆ ಬೀಜದ ಪೆಟ್ಟಿಗೆ, ಅದರಿಂದ ಇಳಿಯುವ ಏಳು ಪಾರದರ್ಶಕ ಪೈಪು, ಪ್ರತಿ ಪೈಪಿನ ತುದಿಗೆ ಕಬ್ಬಿಣದ ಬಾಯಿ, ಅದರ ಮುಂದೆ ನೆಲ ಸೀಳುವ ಒಂದು ಕಬ್ಬಿಣದ ತಾಳು. ತಾಳು ಸೀಳಿದ ಗೆರೆಯಲ್ಲಿ ಪೈಪಿನ ಬಾಯಿಂದ ಕಾಳು ಉದುರಬೇಕು. ಉದುರಿದ್ದು ಟ್ರ್ಯಾಕ್ಟರ್ ನಡೆಸುವವನಿಗೆ ಕಾಣುವುದಿಲ್ಲ. ಹಿಂದೆ ನಡೆಯುತ್ತ ಪೈಪು ನೋಡುವವರಿಲ್ಲದಿದ್ದರೆ, ಉದುರಿತೋ ಇಲ್ಲವೋ ಎಂಬುದು ಮೊಳಕೆ ಎದ್ದ ಮೇಲೆಯೇ ಗೊತ್ತಾಗುವುದು, ಅಷ್ಟರೊಳಗೆ ಬಿತ್ತಿಗೆಯ ಹದ ದಾಟಿರುತ್ತದೆ.

ನಾನು ಕಾರ್ಖಾನೆ ಮುಟ್ಟುವಷ್ಟರಲ್ಲಿ ಆ "ರೀಲ್ಸ್ ತಿಂತಾರೋ" ದನಿ ಊರೂರು ತಿರುಗುತ್ತಿತ್ತು. ಬಸವನ ಬಾಗೇವಾಡಿಯ ಯಾರೋ ಹುಡುಗರು ಚಹಾದಂಗಡಿಯ ಮುಂದೆ ಕುಣಿಯುತ್ತ ಆ ದನಿಗೆ ತುಟಿ ಅಲ್ಲಾಡಿಸಿದ್ದರು. ಇನ್ನೊಬ್ಬರು ಮದುವೆಯ ಊಟದ ಎಲೆ ತೋರಿಸಿ ಅದನ್ನೇ ಹಚ್ಚಿದ್ದರು. ನಮ್ಮ ಜಾಹೀರಾತಿನ ಕೆಳಗೆ ಬೈಗುಳ ತುಂಬಿತ್ತು. ಮೊದಲು ನನ್ನ ಕಣ್ಣಿಗೆ ಬಿದ್ದ ಕೆಟ್ಟ ಸಂಗತಿ ಇದು: ಕೆಳಗೆ ಕಾಮೆಂಟು ಹೆಚ್ಚಾದಷ್ಟೂ ಜಾಹೀರಾತು ಇನ್ನಷ್ಟು ಮಂದಿಗೆ ಹೋಗುತ್ತಿತ್ತು. ನಮ್ಮನ್ನು ಬೈದದ್ದನ್ನು ನಾವೇ ದುಡ್ಡು ಕೊಟ್ಟು ಹಂಚುತ್ತಿದ್ದೆವು. ಚೀಲ ಕೆಳಗಿಡದೆ ಜಾಹೀರಾತು ನಿಲ್ಲಿಸಿದೆ.

ಫೋನುಗಳು ಶುರುವಾದವು. ಬುಕ್ ಮಾಡಿದವರು ಒಬ್ಬೊಬ್ಬರಾಗಿ ಬೇಡ ಅನ್ನತೊಡಗಿದರು. ಹಿಂಗಾರಿ ಬಿತ್ತಿಗೆಯ ದಿನಗಳವು. ಈ ಕೆಲವೇ ದಿನಗಳಲ್ಲಿ ಮಾರಿದ್ದರ ಮೇಲೆ ಕಾರ್ಖಾನೆಯ ಮಂದಿ ಬೇಸಿಗೆ ದಾಟಬೇಕು. ಅಂಗಳದಲ್ಲಿ ಬಣ್ಣ ಹೊಡೆದು ನಿಲ್ಲಿಸಿದ ಕೂರಿಗೆಗಳು ಸಾಲಾಗಿದ್ದವು.

ನಾನು ಇನ್ನೂ ಕಾಮೆಂಟು ಓದುತ್ತಿರುವಾಗಲೇ ಅವು ಮಾಯವಾಗತೊಡಗಿದವು. ತಲೆ ಎತ್ತಿ ನೋಡಿದರೆ ಮಾಲೀಕರು ತಮ್ಮ ಫೋನಿನಲ್ಲಿ ಹೆಬ್ಬೆರಳು ಒತ್ತುತ್ತ ನಿಂತಿದ್ದರು.

"ಸರ್ರ, ಏನ ಮಾಡಾಕತ್ತೀರಿ?"

"ಅಳಸಾಕತ್ತೇನಿ. ನಮ್ಮ ಗ್ವಾಡಿ ಮ್ಯಾಲ ನಮ್ಮನ್ನ ಬೈದ ಬರದ್ರ ಬಿಡ್ತೇವೇನು?"

ಆ ಗೋಡೆಯ ಮೇಲೆ ಬರೆದದ್ದನ್ನು ಮಂದಿ ಆಗಲೇ ಫೋಟೊ ತೆಗೆದಿಟ್ಟುಕೊಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ಹೊಸದೊಂದು ಚಿತ್ರ ಹರಿದಾಡತೊಡಗಿತು: ಮೇಲೆ ಅಳಿಸುವ ಮುಂಚಿನ ಕಾಮೆಂಟುಗಳು, ಕೆಳಗೆ ಖಾಲಿ ಜಾಗ, ನಡುವೆ ಕೆಂಪಕ್ಷರದಲ್ಲಿ "ಬಾಯಿ ಮುಚ್ಚಸಾಕತ್ಯಾರ". ಮುಂಜಾನೆ ನಗುತ್ತಿದ್ದವರು ಈಗ ಸಿಟ್ಟಿಗೆದ್ದಿದ್ದರು.

ಸಂಜೆ ಹೊತ್ತಿಗೆ ಒಂದು ದೊಡ್ಡ ಊರಿನ ಮಾರ್ಕೆಟಿಂಗ್ ಏಜೆನ್ಸಿಯವನು ಮಾಲೀಕರಿಗೆ ಫೋನು ಮಾಡಿದ. ಸ್ಪೀಕರ್ ಹಚ್ಚಿದ್ದರಿಂದ ನಾನೂ ಕೇಳಿಸಿಕೊಂಡೆ. ಆತ ಬಹಳ ನಯವಾಗಿ ಮಾತಾಡಿದ. ವಿಡಿಯೊದಲ್ಲಿ ಯಂತ್ರದ ಮೇಲೆ ನಿಮ್ಮ ಗುರುತು ಕಾಣುತ್ತದೆ, ನಿಮ್ಮ ಹಕ್ಕಿನ ವಸ್ತು ಬಳಸಿದ್ದಾರೆಂದು ದೂರು ಹಾಕಿದರೆ ಅದು ಇಳಿದುಹೋಗುತ್ತದೆ. ಜೊತೆಗೆ ಬೇಕಾದಷ್ಟು ಜನರ ಹೆಸರಲ್ಲಿ ಒಳ್ಳೆಯ ಅಭಿಪ್ರಾಯ ಬರೆಸುತ್ತೇವೆ, ವಾರದೊಳಗೆ ಇದೆಲ್ಲ ತಳಕ್ಕೆ ಹೋಗುತ್ತದೆ ಎಂದ. ಮಾಲೀಕರು ಯೋಚಿಸಿ ಹೇಳುತ್ತೇನೆಂದು ಫೋನಿಟ್ಟರು. ನನ್ನ ಕಡೆ ನೋಡಿದ ಅವರ ಮುಖದಲ್ಲಿ ಆಗಲೇ ಅರ್ಧ ಒಪ್ಪಿಗೆ ಇತ್ತು.

ನಾನು ಅಷ್ಟು ಹೊತ್ತಿಗೆ ಇನ್ನೊಂದು ಕೆಲಸ ಮಾಡಿದ್ದೆ. ಪೇಜಿಗೆ ಬಂದ ಸಂದೇಶಗಳನ್ನು ಹಿಂದಕ್ಕೆ ಸರಿಸುತ್ತ ಹೋಗಿ ಆ ಹೆಣ್ಣುಮಗಳನ್ನು ಹುಡುಕಿದ್ದೆ. ಸಿಂದಗಿ ತಾಲ್ಲೂಕಿನ ಯಂಕಂಚಿಯವರು. ವಿಡಿಯೊ ಹಾಕುವ ಮುಂಚೆ ಅವರು ನಮಗೆ ಎರಡು ಸಲ ಬರೆದಿದ್ದರು, ಬೋಳು ಸಾಲಿನ ಫೋಟೊ ಸಮೇತ. ಎರಡೂ ಸಲ ನಮ್ಮ ಪೇಜು ತನ್ನಷ್ಟಕ್ಕೆ ತಾನೇ ಉತ್ತರ ಕೊಟ್ಟಿತ್ತು: "ಧನ್ಯವಾದಗಳು! ಶೀಘ್ರದಲ್ಲೇ ನಿಮ್ಮನ್ನು ಸಂಪರ್ಕಿಸುತ್ತೇವೆ." ಪಕ್ಕದಲ್ಲಿ ಮುಗಿದ ಕೈಗಳ ಚಿತ್ರ. ಜಾಹೀರಾತಿನಿಂದ ಬಂದ ರೇಟು ಕೇಳುವ ಪ್ರಶ್ನೆಗಳ ರಾಶಿಯಡಿ ಆ ಫೋಟೊಗಳು ಹೂತುಹೋಗಿದ್ದವು.

ಅದನ್ನು ಮಾಲೀಕರಿಗೆ ತೋರಿಸಿದೆ. "ಸರ್ರ, ಆಕಿ ಮೊದಲ ನಮಗ ಹೇಳ್ಯಾಳ್ರಿ. ನಾವು ಕೇಳಲಿಲ್ಲ, ಅದಕ ಊರಿಗೆ ಹೇಳ್ಯಾಳ. ವಿಡಿಯೊ ಇಳಿಸಿದ್ರ ಆಕಿ ಹೊಲದಾಗಿನ ಸಾಲ ತುಂಬ್ತಾವೇನ್ರಿ?"

ಅವರು ಬಹಳ ಹೊತ್ತು ಆ ಫೋಟೊ ದೊಡ್ಡದು ಮಾಡಿ ನೋಡಿದರು. ಬೈಗುಳದಲ್ಲಿ ಕಾಣದ್ದು ಅವರಿಗೆ ಫೋಟೊದಲ್ಲಿ ಕಂಡಿತು. "ಎರಡೂ ಕಡೀ ತಾಳ ಅಲ್ಲ, ನಡುವಿನವು," ಎಂದರು. "ಅಲ್ಲೇನೋ ಆಗೇತಿ." ಆಮೇಲೆ, "ಹಚ್ಚು ಫೋನ."

ತಮ್ಮ ಮನೆಯ ಹೊಲವನ್ನು ತಾವೇ ನಿಂತು ಮಾಡಿಸುವ ಐವತ್ತರ ಆಸುಪಾಸಿನ ಹೆಣ್ಣುಮಗಳು ಅವರು. ನಾನು ಯಾರೆಂದು ಹೇಳಿದ ಕೂಡಲೇ ಫೋನಿನಲ್ಲಿ ಇನ್ನೊಂದು ಸುತ್ತು ಬೈದರು. ಮುಗಿದ ಮೇಲೆ, "ಬರೂದಾದ್ರ ಬರ್ರಿ. ಹೊಲಾ ನೋಡ್ರಿ, ಚಾ ಕುಡ್ರಿ. ಆದ್ರ ಕ್ಯಾಮೆರಾ ತಂದ ನನ್ನ ಬಾಯಿಲೆ ಛಲೋ ಐತಿ ಅನಸಾಕ ಬರಬ್ಯಾಡ್ರಿ," ಎಂದರು.

ಮರುದಿನ ಹೊರಡುವ ಮುಂಚೆ ನಾನು ಎರಡು ಕೆಲಸ ಮಾಡಿದೆ. ಆ ಮುಗಿದ ಕೈಗಳ ತಾನೇ-ಉತ್ತರವನ್ನು ಬಂದ್ ಮಾಡಿದೆ. ಕಾಮೆಂಟು ಅಳಿಸುವುದು ಇನ್ನು ಮೇಲೆ ನನ್ನನ್ನು ಕೇಳದೆ ಆಗಬಾರದೆಂದು ಮಾಲೀಕರಿಗೆ ಹೇಳಿದೆ. ಸಂಬಳ ಕೊಡುವವರಿಗೆ ಹಾಗೆ ಹೇಳಿದ್ದು ಅದೇ ಮೊದಲು. ಅವರು ಗೊಣಗಿದರು, ಆದರೆ ಪೇಜು ನನ್ನೊಬ್ಬಳ ಕೈಗೆ ಬರುವಂತೆ ಮಾಡಿಕೊಳ್ಳಲು ತಮ್ಮ ಫೋನು ಕೊಟ್ಟರು.

ಯಂಕಂಚಿಯ ಆ ಹೊಲ ವಿಡಿಯೊದಲ್ಲಿ ಕಂಡದ್ದಕ್ಕಿಂತ ಕೆಟ್ಟದಾಗಿ ಕಂಡಿತು. ಅಷ್ಟು ದೂರದ ತನಕ ಬೋಳು ಗೆರೆಗಳು ಓಡಿದ್ದವು. ಮಾಲೀಕರು ಕುಕ್ಕರಗಾಲಲ್ಲಿ ಕೂತು ಬೋಳು ಸಾಲಿನ ಮಣ್ಣು ಕೈಯಿಂದ ಕೆದರಿದರು. ಒಂದು ಕಾಳೂ ಸಿಗಲಿಲ್ಲ. ಶೆಡ್ಡಿನಲ್ಲಿದ್ದ ಕೂರಿಗೆಯನ್ನು ಮಗುಚಿ ನೋಡಿದರು. ನಡುವಿನ ಎರಡು ಪೈಪಿನ ಬಾಯಲ್ಲಿ ಎರೆಮಣ್ಣು ಒಣಗಿ ಬಿರಡೆಯ ಹಾಗೆ ಕೂತಿತ್ತು.

"ಇದನ್ನ ನಿಂತಲ್ಲೇ ಇಳಿಸ್ಯಾರ," ಎಂದರು ಮಾಲೀಕರು. "ಟ್ರ್ಯಾಕ್ಟರ್ ಮುಂದ ಹೋಗಾಕತ್ತಿದಾಗ ಇಳಿಸಬೇಕ. ನಿಂತಾಗ ಇಳಿಸಿದ್ರ ಬಾಯಾಗ ಮಣ್ಣ ಹೊಕ್ತೈತಿ. ಇದು ನಡಿಸಿದವ್ರ ತಪ್ಪ."

ಯಂಕಂಚಿಯ ಅಕ್ಕಾರು ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಅವರ ಎದುರಿಗೆ ಬಂದರು. "ಸಾಹುಕಾರ್ರ, ನಿಮ್ಮ ವಿಡಿಯೊ ನಾ ಹತ್ತ ಸಲ ನೋಡೇನಿ. ನೋಡೇ ಬುಕ್ ಮಾಡೇನಿ. ಅದರಾಗ ಈ ಮಾತ ಎಲ್ಲಿ ಐತಿ?"

ಮಾಲೀಕರು ನನ್ನ ಕಡೆ ನೋಡಿದರು. ನಾನು ಆ ವಿಡಿಯೊವನ್ನು ಮನಸ್ಸಿನಲ್ಲೇ ಓಡಿಸಿ ನೋಡಿದೆ. ಕಾರ್ಖಾನೆಯ ಹಿಂದಿನ ಒಣ ನೆಲ, ಹೊಸ ಬಣ್ಣ, ಬಿಸಿಲಿಗೆ ಹೊಳೆಯುವ ಪೆಟ್ಟಿಗೆ, ಹಾಡು, ಕೊನೆಗೆ ಫೋನ್ ನಂಬರು. ಕೊಳ್ಳುವುದು ಹೇಗೆಂದು ಅದರಲ್ಲಿತ್ತು, ಬಿತ್ತುವುದು ಹೇಗೆಂದು ಇರಲಿಲ್ಲ. ಮೊದಲು ಗಿರಾಕಿ ಕಾರ್ಖಾನೆಗೆ ಬಂದಾಗ ಮಾಲೀಕರು ಯಂತ್ರ ಕಟ್ಟಿಕೊಡುತ್ತಲೇ ಇಂಥ ನೂರು ಮಾತು ಹೇಳಿ ಕಳಿಸುತ್ತಿದ್ದರು. ಮಾರಾಟ ಫೋನಿಗೆ ಬಂದಿತ್ತು, ಆ ಮಾತುಗಳು ಬಂದಿರಲಿಲ್ಲ.

ಚಹಾ ಬಂತು. ಕುಡಿಯುತ್ತ ನಾನು ಕೇಳಿದೆ, "ಅಕ್ಕಾರ, ನಿಮ್ಮ ಎಲ್ಲಾ ಹೊಲಾ ಬಿತ್ತಿ ಮುಗಿದೈತೇನ್ರಿ?"

"ಹಳ್ಳದ ಕಡೀದು ಉಳದೈತಿ ಯವ್ವಾ. ಇನ್ನಾ ಭಾಳ ಹಸಿ ಐತಿ. ನಾಳಿಲ್ಲ ನಾಡದ ಬಿತ್ತಬೇಕ, ಹಳೀ ಕೂರಿಗೀಲೆ."

"ಅದನ್ನ ನಮ್ಮ ಕೂರಿಗೀಲೆ ಬಿತ್ತೂನ್ರಿ. ಲೈವ್‌ದಾಗ. ಹಾಡಿಲ್ಲ, ಕತ್ತರಿಸೂದಿಲ್ಲ, ಕಾಮೆಂಟ್ ಬಂದ್ ಮಾಡೂದಿಲ್ಲ. ನೀವು ಏನ ಮಾತಾಡ್ತೀರಿ ಅದು ನಿಮ್ಮ ಮರ್ಜಿ."

ಮಾಲೀಕರ ಕೈಯಲ್ಲಿನ ಬಟ್ಟಲು ಅಲ್ಲೇ ನಿಂತಿತು. "ತಂಗಿ, ಮತ್ತ ಮಣ್ಣ ಹೊಕ್ಕರ?"

"ಹೊಕ್ಕರ ಹೊಕ್ಕದ್ದ ಕಾಣ್ಲಿ ಸರ್ರ. ಮಂದಿ ಈಗ ನಾವು ಹೇಳಿದ್ದ ಏನೂ ನಂಬಂಗಿಲ್ಲ. ಕಂಡಿದ್ದಷ್ಟ ನಂಬ್ತಾರ."

ಅಕ್ಕಾರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. "ಆತು," ಎಂದರು. "ಬೀಜ ನಂದು, ಹೊಲ ನಂದು. ಸಾಲ ತಪ್ಪಿದ್ರ ಅಲ್ಲೇ ಬೈತೇನಿ ಮತ್ತ."

ವಾಪಸ್ ಬರುವಾಗ ತಾಳಿಕೋಟೆ ದಾಟಿದ ಮೇಲೆ ಮಾಲೀಕರು ಫೋನು ತೆಗೆದು, ಏಜೆನ್ಸಿಯವನಿಗೆ "ಬ್ಯಾಡ್ರಿ" ಎಂದು ಒಂದೇ ಮಾತು ಹೇಳಿದರು.

ಅವತ್ತೇ ಅಕ್ಕಾರ ಬೈಗುಳದ ವಿಡಿಯೊವನ್ನು, ಅವರ ಒಪ್ಪಿಗೆ ಪಡೆದು, ನಮ್ಮ ಪೇಜಿನ ಎಲ್ಲಕ್ಕೂ ಮೇಲೆ ಹಚ್ಚಿದೆ. ಪೇಜಿಗೆ ಯಾರೇ ಬಂದರೂ ಮೊದಲು ಕಾಣುವುದು ಅದೇ. ಕೆಳಗೆ ಬರೆದದ್ದು ಇಷ್ಟು: "ಈ ಅಕ್ಕಾರು ಹೇಳಿದ್ದು ಖರೇ ಐತಿ. ನಮ್ಮ ಕೂರಿಗೆಯಿಂದ ಅವರ ಹೊಲದಾಗ ಏಳಕ್ಕ ಎರಡು ಸಾಲು ಬಿದ್ದಿಲ್ಲ. ಕಾಮೆಂಟ್ ಅಳಿಸಿದ್ದು ತಪ್ಪು, ಇನ್ನು ಅಳಿಸೂದಿಲ್ಲ. ನಾಡದು ಮುಂಜಾನೆ ಅದೇ ಊರಾಗ, ಹಸಿ ಹೊಲದಾಗ, ಅದೇ ಕೂರಿಗೆಯಿಂದ ಲೈವ್ ಬಿತ್ತಿಗೆ. ನೋಡಿ ನೀವೇ ಹೇಳಿ." ಮಾಲೀಕರು ಅದನ್ನು ಮೂರು ಸಲ ಓದಿಸಿಕೊಂಡರು. ಹಾಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ನಾನು ಹಾಕಿದೆ.

ಹಿಂದಿನ ದಿನವೇ ಹೋಗಿ ಹೊಲದ ತುಂಬ ಫೋನು ಹಿಡಿದು ಅಡ್ಡಾಡಿದೆ. ಬೇವಿನ ಗಿಡದ ಹತ್ತಿರ ಸಿಗ್ನಲ್ ಚೆನ್ನಾಗಿತ್ತು, ಹಳ್ಳದ ಇಳುಕಲಿನಲ್ಲಿ ಪೂರ್ತಿ ಸತ್ತುಹೋಗುತ್ತಿತ್ತು. ಬಿತ್ತುವುದು ಇಳುಕಲಿನಲ್ಲೇ. ಬೇರೆ ಕಂಪನಿಯ ಸಿಮ್ ಇರುವ ಫೋನೊಂದನ್ನು ಟ್ರ್ಯಾಕ್ಟರಿನ ನೆರಳಿನ ತಗಡಿನ ಮೇಲೆ ಕಟ್ಟಿ, ಅದರ ಹಾಟ್‌ಸ್ಪಾಟಿನಿಂದ ನನ್ನ ಫೋನಿಗೆ ನೆಟ್ ಬರುವಂತೆ ಮಾಡಿಕೊಂಡೆ. ಗಾಳಿಯ ಸದ್ದಿಗೆ ಮಾತು ಕೇಳುತ್ತಿರಲಿಲ್ಲವಾದ್ದರಿಂದ ವೈರಿಲ್ಲದ ಇಯರ್‌ಫೋನಿನ ಮೈಕಿಗೆ ಹತ್ತಿ ಸುತ್ತಿ ಅಕ್ಕಾರ ಸೆರಗಿನೊಳಗೆ ಸಿಕ್ಕಿಸುವುದೆಂದು ತೀರ್ಮಾನವಾಯಿತು. "ಇದೇನ ಯವ್ವಾ, ನನಗ ಬಾಸಿಂಗ ಒಂದ ಕಟ್ಟೂದ ಉಳೀತ," ಎಂದು ಅವರು ನಕ್ಕರು. ಅವರು ನಕ್ಕದ್ದನ್ನು ನೋಡಿದ್ದು ಆಗಲೇ.

ಲೈವ್ ಹಚ್ಚಿದೆ. ಒಂದು ಕೈಯಲ್ಲಿ ಕ್ಯಾಮೆರಾದ ಫೋನು, ಇನ್ನೊಂದರಲ್ಲಿ ಕಾಮೆಂಟು ಓದುವ ಮಾಲೀಕರ ಫೋನು. ನೋಡುವವರ ಸಂಖ್ಯೆ ಏರುತ್ತ ಹೋಯಿತು. ನಮ್ಮ ಯಾವ ಜಾಹೀರಾತಿಗೂ ಅಷ್ಟು ಮಂದಿ ಒಂದೇ ಹೊತ್ತಿಗೆ ಬಂದದ್ದಿಲ್ಲ. ಬಹುಪಾಲು ಜನ ತಮಾಷೆ ನೋಡಲು ಬಂದವರೇ. ನಡುವೆ ಇಂಡಿಯ ಸೋದರತ್ತೆ ಬರೆದಿದ್ದರು: "ಇದು ನಮ್ಮ ಹುಡುಗೀ ದನಿ ಅಲ್ಲೇನು?"

ಮಾಲೀಕರು ಮೊದಲು ಪೈಪಿನ ಬಾಯಿ ತೋರಿಸಿ, ಯಂತ್ರವನ್ನು ಚಲಿಸುವಾಗಲೇ ಯಾಕೆ ಇಳಿಸಬೇಕೆಂದು ಹೇಳಿದರು. ಟ್ರ್ಯಾಕ್ಟರ್ ಹೊರಟಿತು. ಮೊದಲ ಸುತ್ತು ಚೆನ್ನಾಗಿ ಹೋಯಿತು. ಏಳೂ ಪೈಪಿನಲ್ಲಿ ಕಾಳು ಉದುರುವುದು ಕಾಣುತ್ತಿತ್ತು. ಬದುವಿನ ತುದಿಯಲ್ಲಿ ತಿರುವಿಕೊಂಡ ಡ್ರೈವರ್ ಹಳೆಯ ರೂಢಿಯಂತೆ ಟ್ರ್ಯಾಕ್ಟರ್ ನಿಲ್ಲಿಸಿ, ಯಂತ್ರ ಇಳಿಸಿ, ಆಮೇಲೆ ಮುಂದೆ ಬಿಟ್ಟ.

ಹತ್ತು ಮಾರು ಹೋಗುವಷ್ಟರಲ್ಲಿ ನಡುವಿನ ಪೈಪಿನಲ್ಲಿ ಕಾಳು ಕೆಳಗಿನಿಂದ ಮೇಲಕ್ಕೆ ತುಂಬುತ್ತ ಬಂತು. ಕಟ್ಟಿಕೊಂಡಿತ್ತು.

ಮಾಲೀಕರು ನನಗೆ ಕೈ ಮಾಡಿ, ಫೋನು ಕೆಳಗಿಳಿಸು ಎಂದು ಸನ್ನೆ ಮಾಡಿದರು. ಅವರ ಮುಖ ಸಣ್ಣದಾಗಿತ್ತು. ಆ ಒಂದು ಗಳಿಗೆ ನನಗೂ ಇಳಿಸಿಬಿಡೋಣ ಅನ್ನಿಸಿತು. ನೆಟ್ ಹೋಯಿತು ಎಂದರೆ ಯಾರೂ ಕೇಳುತ್ತಿರಲಿಲ್ಲ. ನಾನು ಪೈಪಿನ ಹತ್ತಿರ ಹೋಗಿ, ಕಟ್ಟಿಕೊಂಡ ಕಾಳಿನ ಮೇಲೆ ಕ್ಯಾಮೆರಾ ಹಿಡಿದೆ. "ನೋಡ್ರಿ, ಕಟ್ಟಿಕೊಂಡೈತಿ," ಎಂದು ಜೋರಾಗಿ ಹೇಳಿದೆ. "ನಿಂತಲ್ಲಿ ಇಳಿಸಿದ್ದಕ್ಕ ಹಿಂಗ ಆತು. ಆದ್ರ ಮರತ ಒಮ್ಮಿ ಇಳಿಸಿದ್ರೂ ಕಟ್ಟಬಾರದು. ಇದಕ್ಕ ಏನ ಮಾಡಬೇಕ, ಗೊತ್ತಿದ್ದವ್ರು ಹೇಳ್ರಿ."

ಒಂದೆರಡು ಕ್ಷಣ ಬರೀ ನಗುವ ಮುಖಗಳು ಬಂದವು. ಆಮೇಲೆ ಒಂದು ಕಾಮೆಂಟು ಬಂತು. ಬಸವನ ಬಾಗೇವಾಡಿಯ ಆಚೆ, ಮುಳವಾಡದ ರೈತರೊಬ್ಬರು. ನಾನು ಓದಿ ಹೇಳಿದೆ: "ನಮ್ಮಲ್ಲಿ ಕಾಲುವಿ ನೀರ ಬಂದ ಮ್ಯಾಲ ಹೊಲ ಯಾವಾಗ್ಲೂ ಹಸಿ. ಪೈಪಿನ ಬಾಯಿ ಸಪಾಟ ಇರಬಾರದು. ಹಿಂದಕ್ಕ ಓರೆ ಕೊಯ್ರಿ."

ಅದರ ಬೆನ್ನಿಗೇ ಹೊಳೆಸಾಲಿನ ತಂಗಡಗಿಯಿಂದ ಇನ್ನೊಬ್ಬರು: "ಓರೆ ಕೊಯ್ದರ ಸಾಲದು. ಬಾಯಿನೂ ನಾಕ ಬೆರಳ ಮ್ಯಾಲ ಎತ್ತಬೇಕು."

ಮಾಲೀಕರು ತಮಗೆ ಅರಿವಿಲ್ಲದೆ ಕ್ಯಾಮೆರಾದ ಮುಂದೆ ಬಂದಿದ್ದರು. "ನಾಕ ಬೆರಳ ಎತ್ತಿದ್ರ ಕಾಳ ಮ್ಯಾಲ ಬೀಳ್ತೈತ್ರಿ. ಹಸಿ ಸಿಗಂಗಿಲ್ಲ, ಮೊಳಕಿ ಸುಡ್ತೈತಿ," ಎಂದು ಫೋನಿನೊಳಗಿನ ಮನುಷ್ಯನಿಗೆ ಎದುರುತ್ತರ ಕೊಟ್ಟರು. ತಂಗಡಗಿಯವರು ಬಿಡಲಿಲ್ಲ. ಅಕ್ಕಾರು ನಡುವೆ ಬಂದು ತಮ್ಮ ತೋರುಬೆರಳು ಎತ್ತಿ ಹಿಡಿದರು: "ಜ್ವಾಳ ಎರಡ ಗೆಣ್ಣ ಆಳ ಬೀಳಬೇಕ. ಅದಕ ಕಮ್ಮಿ ನಾ ಬಿಡಂಗಿಲ್ಲ." ವಾದ ಹತ್ತಿಕೊಂಡಿತು. ತಮಾಷೆ ನೋಡಲು ಬಂದವರು ಪಕ್ಷ ಹಿಡಿದರು. ನಾನು ಓದುತ್ತಿದ್ದೆ, ಮಾಲೀಕರು ಉತ್ತರಿಸುತ್ತಿದ್ದರು, ಅಕ್ಕಾರು ತೀರ್ಪು ಕೊಡುತ್ತಿದ್ದರು. ಕೊನೆಗೆ ಓರೆ ಕೊಯ್ಯುವುದು ಸರಿ, ಮೇಲೆತ್ತುವುದು ಬೇಡ ಎಂದಾಯಿತು.

ಮಾಲೀಕರು ಟೂಲ್‌ಬಾಕ್ಸಿನಿಂದ ಗರಗಸದ ಬ್ಲೇಡು ತೆಗೆದರು. "ಎಲ್ಲಾ ಕೊಯ್ಯಂಗಿಲ್ಲ," ಎಂದರು ಕ್ಯಾಮೆರಾಕ್ಕೆ. "ಮೂರ ಕೊಯ್ತೇನಿ, ನಾಕ ಹಂಗ ಬಿಡ್ತೇನಿ. ಯಾವುದು ಖರೇ ಅನ್ನೂದು ನಿಮಗೂ ತಿಳೀಲಿ, ನನಗೂ ತಿಳೀಲಿ."

ಅವರು ಮಣ್ಣಿನಲ್ಲಿ ಮಲಗಿ ಕಬ್ಬಿಣ ಕೊಯ್ಯುತ್ತಿರುವಾಗ ಬಿಸಿಲಿಗೆ ನನ್ನ ಫೋನು ಕಾದು ಲೈವ್ ಕಡಿದುಹೋಯಿತು. ನನಗೆ ಅಳುವೇ ಬಂತು. ಇಷ್ಟು ಹೊತ್ತು ನಿಂತು ನೋಡಿದವರು ಈಗ ಏನೆಂದುಕೊಳ್ಳುತ್ತಾರೆ? ಅಕ್ಕಾರು ನೀರಿನ ಬಿಂದಿಗೆಗೆ ಸುತ್ತಿದ್ದ ತಣ್ಣನೆ ಬಟ್ಟೆ ಬಿಚ್ಚಿ, ಗಟ್ಟಿಯಾಗಿ ಹಿಂಡಿ, ಫೋನಿನ ಬೆನ್ನಿಗೆ ಹಿಡಿದರು. ಅದು ಮತ್ತೆ ಹತ್ತಿಕೊಂಡ ಕೂಡಲೇ ಹೊಸ ಲೈವ್ ಹಚ್ಚಿ ಶೀರ್ಷಿಕೆ ಬರೆದೆ: "ಫೋನ್ ಬಿಸಿ ಆಗಿತ್ತು. ನಾವು ಓಡಿ ಹೋಗಿಲ್ಲ." ಹೋದವರೆಲ್ಲ ವಾಪಸ್ ಬಂದರು, ಜೊತೆಗೆ ಇನ್ನಷ್ಟು ಮಂದಿ.

ಹಳ್ಳದ ಅಂಚಿನ ಅತ್ಯಂತ ಹಸಿ ಜಾಗಕ್ಕೆ ಟ್ರ್ಯಾಕ್ಟರ್ ಹೋಯಿತು. ಈ ಸಲ ಬೇಕೆಂದೇ ನಿಲ್ಲಿಸಿ ಇಳಿಸಿದರು. ಟ್ರ್ಯಾಕ್ಟರ್ ಮುಂದೆ ಸರಿಯಿತು. ನಾನು ಹಿಂದಿನಿಂದ ಪೈಪುಗಳ ಮೇಲೆ ಕ್ಯಾಮೆರಾ ಹಿಡಿದು ನಡೆಯುತ್ತಿದ್ದೆ. ಎರೆಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಎತ್ತಲಾಗುತ್ತಿರಲಿಲ್ಲ, ಚಪ್ಪಲಿ ಅಲ್ಲೇ ಬಿಟ್ಟು ನಡೆದೆ. ಕೊಯ್ಯದ ಪೈಪುಗಳಲ್ಲಿ ಒಂದು ಕಟ್ಟಿತು. ಇನ್ನೊಂದೂ ಕಟ್ಟಿತು. ಕೊಯ್ದ ಮೂರರಲ್ಲಿ ಕಾಳು ಜುಳುಜುಳು ಇಳಿಯುತ್ತಲೇ ಇತ್ತು. ಹೊಲದ ಆ ತುದಿ ಮುಟ್ಟುವ ತನಕ ಇಳಿಯುತ್ತಲೇ ಇತ್ತು.

ಅಲ್ಲೇ ಮಾಲೀಕರು ಉಳಿದ ನಾಲ್ಕನ್ನೂ ಕೊಯ್ದರು. ಮತ್ತೆ ನಿಲ್ಲಿಸಿ ಇಳಿಸಿದರು. ಏಳೂ ಓಡಿದವು. ಮೊದಲು ಕಟ್ಟಿಕೊಂಡು ತಪ್ಪಿದ ಸಾಲುಗಳನ್ನೂ ಮತ್ತೊಮ್ಮೆ ಬಿತ್ತಿ ತುಂಬಿದರು. ಕಾಮೆಂಟುಗಳು ಓದಲಾಗದಷ್ಟು ವೇಗವಾಗಿ ಮೇಲೆ ಹೋಗುತ್ತಿದ್ದವು. ಮುಳವಾಡದವರು ತಂಗಡಗಿಯವರಿಗೆ "ನಾ ಹೇಳಿದ್ದಿಲ್ಲೇನ?" ಎಂದು ಬರೆದದ್ದು ಮಾತ್ರ ಕಣ್ಣಿಗೆ ಬಿತ್ತು. ಅಕ್ಕಾರು ಬಗ್ಗಿ ಏಳೂ ಸಾಲಿನ ಮಣ್ಣು ಕೆದರಿ, ಕಾಳು ನೋಡಿ, ಬೆರಳಿಟ್ಟು ಆಳ ನೋಡಿ, ಮತ್ತೆ ಮುಚ್ಚಿದರು. ನಾನು ಮೈಕು ನೆನಪಿಸಿ, "ಏನಂತೀರಿ ಅಕ್ಕಾರ?" ಎಂದೆ.

"ಇವತ್ತ ನಾ ಏನೂ ಅನ್ನಂಗಿಲ್ಲ. ಮೊಳಕಿ ಮಾತಾಡ್ಲಿ," ಎಂದು ಅವರು ಕೈ ಜಾಡಿಸಿಕೊಂಡು ಬದುವಿನ ಕಡೆ ನಡೆದರು.

ಮೊಳಕೆ ಮಾತಾಡುವ ತನಕ ನಾವು ಸುಮ್ಮನೆ ಕೂರಲಿಲ್ಲ. ಅಂಗಳದ ಕೂರಿಗೆಗಳ ಬಾಯಿಯನ್ನೆಲ್ಲ ಓರೆ ಕೊಯ್ದೆವು. ಆಗಲೇ ಮಾರಿದವರಿಗೆ ಒಬ್ಬೊಬ್ಬರಿಗೂ ನಾನೇ ಫೋನು ಮಾಡಿದೆ. ಮಾಲೀಕರು ಗ್ರೈಂಡರ್ ಗಾಡಿಯಲ್ಲಿ ಹಾಕಿಕೊಂಡು ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಕಡೆಯ ಹಳ್ಳಿಗಳಿಗೆ ಹೋಗಿ ಮನೆ ಬಾಗಿಲಲ್ಲೇ ಕೊಯ್ದುಕೊಟ್ಟರು. ನಾನು ಜೊತೆಗೆ ಹೋಗಿ ವಿಡಿಯೊ ತೆಗೆದೆ, ಹಾಡಿಲ್ಲದೆ: ಯಂತ್ರ ಇಳಿಸುವುದು ಯಾವಾಗ, ಹಸಿ ಹೊಲದಲ್ಲಿ ಏನು ನೋಡಬೇಕು, ಪೈಪು ಕಟ್ಟಿದರೆ ಬಿಚ್ಚುವುದು ಹೇಗೆ. ಮಾತು ಮಾಲೀಕರದ್ದೇ, ಅವರು ಗಿರಾಕಿಗೆ ಹೇಳುವ ಧಾಟಿಯಲ್ಲೇ. ಅವರಿಗೆ ಕ್ಯಾಮೆರಾ ಎಂದರೆ ಇದ್ದ ಸಂಕೋಚ ಎರಡೇ ಹಳ್ಳಿಯಲ್ಲಿ ಕಳೆದುಹೋಯಿತು. ಆಮೇಲಾಮೇಲೆ, "ತಂಗಿ, ಇದನ್ನ ತಗೊಂಡಿ ಇಲ್ಲೋ?" ಎಂದು ಅವರೇ ಕೇಳತೊಡಗಿದರು.

ಆದರೂ ಹೊಸ ಬುಕಿಂಗ್ ಬರಲಿಲ್ಲ. ಎಲ್ಲರೂ ಯಂಕಂಚಿಯ ಕಡೆ ನೋಡುತ್ತಿದ್ದರು. "ಸಾಲ ಎದ್ದಾವೇನ್ರಿ?" ಎಂದು ಪೇಜಿಗೆ ದಿನಾ ಕೇಳುವವರಿದ್ದರು. ನಾನು "ಇನ್ನಾ ಇಲ್ರಿ" ಎಂದು ಒಬ್ಬೊಬ್ಬರಿಗೂ ಕೈಯಾರೆ ಉತ್ತರ ಬರೆದೆ. ಅಕ್ಕಾರಿಗೆ ಫೋನು ಮಾಡಲು ಮಾತ್ರ ಧೈರ್ಯವಾಗಲಿಲ್ಲ.

ಒಂದು ಮುಂಜಾನೆ ನಮಗೆ ತಿಳಿಸದೆಯೇ ಅವರು ತಮ್ಮ ಎರಡನೇ ವಿಡಿಯೊ ಹಾಕಿದರು. ಈ ಸಲವೂ ಮುಖವಿಲ್ಲ, ದನಿ ಮಾತ್ರ. ಹಳ್ಳದ ಇಳುಕಲಿನ ತನಕ ಹಸಿರು ಗೆರೆಗಳು ಬಾಚಣಿಗೆಯಿಂದ ಎಳೆದ ಹಾಗೆ ನೆಟ್ಟಗೆ ಇಳಿದಿದ್ದವು. ಮೊದಲು ಅವರ ಹೆಜ್ಜೆಯ ಸದ್ದಷ್ಟೇ. ಆಮೇಲೆ ನಿಂತು, ಒಂದೊಂದು ಸಾಲಿಗೂ ಕ್ಯಾಮೆರಾ ತಿರುಗಿಸುತ್ತ ಎಣಿಸಿದರು. "ಒಂದ, ಎರಡ, ಮೂರ, ನಾಕ, ಐದ, ಆರ, ಏಳ. ಮತ್ತೊಮ್ಮಿ ಎಣಸ್ಲೇನ್ರಿ?" ಉಸಿರೆಳೆದುಕೊಂಡು ಮುಂದುವರಿಸಿದರು: "ಕೂರಿಗಿಯವ್ರು ಬಂದ್ರು. ನನ್ನ ಹೊಲದಾಗ ಮಲಗಿ ಕಬ್ಬಣ ಕೊಯ್ದ್ರು. ತಪ್ಪಿದ್ದನ್ನ ಮುಚ್ಚಲಿಲ್ಲ. ಬೈದಾಕಿ ನಾನ, ಈಗ ಹೇಳಾಕಿನೂ ನಾನ. ತಗೊಳ್ಳೂದಿದ್ರ ತಗೋರಿ. ಇಳಸೂದ ಮಾತ್ರ ನಡೀವಾಗ ಇಳಸ್ರಿ."

ಬೈಗುಳ ಹರಡಿದ್ದಕ್ಕಿಂತ ಜೋರಾಗಿ ಅದು ಹರಡಿತು. ಅಂದು ಕಾರ್ಖಾನೆಯಲ್ಲಿ ಮೂರು ಫೋನುಗಳೂ ಒಟ್ಟಿಗೆ ಬಡಿದುಕೊಂಡವು. ಬೇಡ ಎಂದವರು ವಾಪಸ್ ಬಂದರು. ಮುಳವಾಡದ ಆ ರೈತರು ತಮ್ಮ ಊರಿನವರನ್ನು ಒಂದು ಜೀಪಿನಲ್ಲಿ ತುಂಬಿಕೊಂಡು ಬಂದು, ಕೂರಿಗೆಯ ಬಾಯಿ ತೋರಿಸಿ, "ಇದು ನಾ ಹೇಳಿದ್ದ," ಎಂದು ಎಲ್ಲರಿಗೂ ಹೇಳಿದರು. ಮಾಲೀಕರು ಅವರ ಭುಜದ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡರು. ಸಂಜೆಯ ಹೊತ್ತಿಗೆ ಅಂಗಳ ಬರಿದಾಗಿತ್ತು. ಕೂರಿಗೆಗಳು ನಿಂತಿದ್ದ ಕಡೆ ಬಣ್ಣದ ಹನಿಗಳು ಮಾತ್ರ ಉಳಿದಿದ್ದವು.

ಬಿತ್ತಿಗೆ ಮುಗಿಯುವ ಮುಂಚೆ ಯಂಕಂಚಿಯ ಅಕ್ಕಾರು ತಾವೇ ಮುದ್ದೇಬಿಹಾಳಕ್ಕೆ ಬಂದರು. ತವರುಮನೆಯ ತಮ್ಮನಿಗೆ ಇನ್ನೊಂದು ಕೂರಿಗೆ ಬೇಕಿತ್ತು. ಮಾಲೀಕರು ಕುರ್ಚಿ ಒರೆಸಿ ಕೂರಿಸಿ, "ಅಕ್ಕಾರ, ಇದು ನಮ್ಮ ಕಡಿಂದ. ರೊಕ್ಕ ಬ್ಯಾಡ," ಎಂದರು.

"ಪುಕ್ಕಟ ಕೊಡಬ್ಯಾಡ್ರಿ ಸಾಹುಕಾರ್ರ," ಎಂದರು ಅವರು. "ಪುಕ್ಕಟ ತಗೊಂಡ್ರ ನಾಳೆ ಬೈಯಾಕ ಬಾಯಿ ಏಳೂದಿಲ್ಲ. ರೇಟ ಹೇಳ್ರಿ, ಚೌಕಾಸಿ ಮಾಡೂನು."

ಚೌಕಾಸಿ ನಡೆಯಿತು. ಇಬ್ಬರೂ ಸೋಲಲಿಲ್ಲ. ಕೂರಿಗೆಯನ್ನು ಗಾಡಿಗೆ ಏರಿಸಿ ಹಗ್ಗ ಬಿಗಿದಾದ ಮೇಲೆ ಅಕ್ಕಾರು ತಮ್ಮ ಫೋನು ತೆಗೆದರು. ನಾನೂ ಅಭ್ಯಾಸಬಲದಿಂದ ನನ್ನದನ್ನು ಎತ್ತಿದೆ.

"ನೀ ಇಡು ಯವ್ವಾ," ಎಂದರು. "ಇವತ್ತ ನಾ ತಗೀತೇನಿ. ಎಲ್ಲಾರೂ ಒಂದ ಕಡೆ ನಿಲ್ರಿ. ಏ ವೆಲ್ಡಿಂಗಿನವ್ರ, ಕನ್ನಡಕ ಮ್ಯಾಲ ಮಾಡ್ರಿ, ಮಾರಿ ಕಾಣವಲ್ದು. ಸಾಹುಕಾರ್ರ, ನೀವು ಈ ಕಡೆ. ನೀ ನಡುವ ಬಾ."

ಅಷ್ಟು ದಿನ ಆ ಅಂಗಳದ ಒಂದು ವಿಡಿಯೊದಲ್ಲೂ ನಾನಿರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಕೂರಿಗೆಯ ಪೆಟ್ಟಿಗೆಯ ಮೇಲಿಟ್ಟೆ, ಬಿಸಿಲಿಗೆ ಬೆಚ್ಚಗಿತ್ತು. ಅಕ್ಕಾರು ಫೋನು ಅಡ್ಡ ಹಿಡಿದು, ಎರಡು ಹೆಜ್ಜೆ ಹಿಂದೆ ಸರಿದು, ಊರಿಗೆಲ್ಲ ಕೇಳುವ ಆ ದನಿಯಲ್ಲಿ ಶುರು ಮಾಡಿದರು: "ನೋಡ್ರಿ ಇಲ್ಲಿ. ಆ ಕೂರಿಗಿ ಮಾಡಿದ ಮಂದಿ ಇವ್ರ. ಇವ್ರೂ ಜ್ವಾಳದ ರೊಟ್ಟೀನ ತಿಂತಾರ."